ಹಿಂತಿರುಗಿ ಬಂದ ಹಳೆಯ ಸ್ವಿಚ್ಚು

ಆ ಶನಿವಾರ ಬೆಳಿಗ್ಗೆ ಪೈಪಣ್ಣ ನನ್ನ ಹೊಲಿಗೆ ಅಂಗಡಿಗೆ ಬಂದು, ತನ್ನ ಕೀಗೊಂಚಲನ್ನು ಇಸ್ತ್ರಿ ಮೇಜಿನ ಮೇಲಿಟ್ಟು ಕುಳಿತುಬಿಟ್ಟ. ಇಟ್ಟದ್ದು ನಾನು ಆಗಷ್ಟೇ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಲೆ. ಬೇರೆ ದಿನವಾಗಿದ್ದರೆ ನಾನು ಸುಮ್ಮನಿರುವ ಆಸಾಮಿಯಲ್ಲ. ಆದರೆ ಮೂವತ್ತು ವರ್ಷ ನಮ್ಮ ಬೀದಿಯ ಕೊಳಾಯಿ, ಪಂಪುಗಳನ್ನೆಲ್ಲ ನೋಡಿಕೊಂಡ ಮನುಷ್ಯನ ಕಣ್ಣು ಒದ್ದೆಯಾಗಿದ್ದಾಗ ಅಂಗಿಯ ಮಾತು ಎತ್ತಲು ಮನಸ್ಸಾಗಲಿಲ್ಲ.

"ಎಣಿಸಿ ನೋಡಕ್ಕ," ಎಂದ. ಹೇಳಿದ್ದು ನನಗಲ್ಲ, ಕಿಟಕಿಯ ಪಕ್ಕದ ಸ್ಟೂಲಿನಲ್ಲಿದ್ದ ಮೀಟರಕ್ಕನಿಗೆ. "ನಿನ್ನೆ ತನಕ ಇಪ್ಪತ್ತಾರು ಇತ್ತು. ಇವತ್ತು ಇಪ್ಪತ್ಮೂರು."

ಬೀದಿಯ ಮನೆಗಳವರೆಲ್ಲ ಬೀಗದ ಕೈಯ ಇನ್ನೊಂದು ಜೋಡಿಯನ್ನು ಪೈಪಣ್ಣನ ಬಳಿ ಬಿಟ್ಟಿದ್ದರು. ತಾವು ಇಲ್ಲದಾಗ ನಲ್ಲಿ ಸೋರಿದರೆ ಅವನೇ ಹೋಗಿ ಸರಿಮಾಡಿ ಬರಲಿ ಎಂದು. ಆ ಗೊಂಚಲೇ ಅವನ ಪದವಿ, ಅವನ ಆಸ್ತಿ.

ಮೀಟರಕ್ಕ ನನ್ನ ಅಂಗಡಿಯ ಮೇಲಿನ ಕೋಣೆಯಲ್ಲಿದ್ದರು. ನಲವತ್ತು ವರ್ಷ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದಿದವರು. ನಿವೃತ್ತಿಯಾದ ಮೇಲೆ ಓದಲು ಮೀಟರ್ ಇಲ್ಲದೆ ಮನುಷ್ಯರನ್ನು ಓದಲು ಶುರುಮಾಡಿದ್ದರು. ಬೀದಿಯ ಒಗಟುಗಳೆಲ್ಲ ಆ ಸ್ಟೂಲಿನ ಬಳಿಗೇ ಬರುತ್ತಿದ್ದವು. ಸ್ಟೂಲು ನನ್ನದು, ಹೆಸರು ಅವರದು, ಇರಲಿ.

"ಯಾರು ಬೀಗದ ಕೈ ವಾಪಸ್ ಕೇಳಿದ್ದು ಅಂತ ಬೇಡ. ಯಾಕೆ ಕೇಳಿದ್ರು, ಅದನ್ನ ಹೇಳು," ಎಂದರು.

ಪೈಪಣ್ಣ ಹೇಳಿದ್ದಿಷ್ಟು. ಮೂಲೆಮನೆಯ ನೆಲಮಾಳಿಗೆಯಲ್ಲಿ ಒರತೆ ನೀರು ಕೂಡುವ ಗುಂಡಿಯಿದೆ. ನೀರು ಏರಿದರೆ ಅದರಲ್ಲಿ ತೇಲುವ ಫ್ಲೋಟ್ ಮೇಲೆದ್ದು ಸ್ವಿಚ್ ಹಾಕುತ್ತದೆ, ಪಂಪು ಓಡಿ ನೀರನ್ನು ಹೊರಗೆ ಎಸೆಯುತ್ತದೆ. ಆ ಸ್ವಿಚ್ಚು ಹದಿನೈದು ವರ್ಷದ್ದು, ಒಳಗೆ ಸವೆದಿತ್ತು. "ಹತ್ತು ಸಲದಲ್ಲಿ ಎಂಟು ಸಲ ಪಂಪ್ ಓಡಿಸುತ್ತೆ, ಎರಡು ಸಲ ಬರೀ ಸದ್ದು ಮಾಡಿ ಸುಮ್ನಾಗುತ್ತೆ. ಸೋಮವಾರ ಕಿತ್ತು ಹೊಸದು ಹಾಕ್ದೆ. ಎರಡು ಬಕೆಟ್ ನೀರು ಸುರಿದು ಪರೀಕ್ಷೆ ಮಾಡ್ದೆ. ನಿನ್ನೆ ಬೆಳಿಗ್ಗೆ ನೋಡಿದ್ರೆ ನೆಲಮಾಳಿಗೆ ತುಂಬ ನೀರು. ಗುಂಡೀಲಿ ಇರೋದು ಹಳೇ ಸ್ವಿಚ್ಚು. ಹೊಸದು ಮಾಯ. ಹೊಸದು ಅಂತ ಹೇಳಿ ಹಳೇದನ್ನೇ ಬಿಟ್ಟುಹೋದೆ ಅಂತ ಆ ಮನೆ ಮಗಳು ಬೀದಿಯ ಆ ತುದೀಲಿರೋ ನನ್ನ ಮನೆ ಬಾಗಿಲಿಗೇ ಬಂದು ಅಕ್ಕಪಕ್ಕಕ್ಕೆಲ್ಲ ಕೇಳೋ ಹಾಗೆ ಬೈದಳು."

"ಕಿತ್ತ ಹಳೇದನ್ನ ಏನು ಮಾಡಿದ್ದೆ?"

"ಎಸೀಬೇಡ, ಶೆಲ್ಫಲ್ಲಿ ಇಡು ಅಂತ ಅವಳ ಅಪ್ಪ, ಮನೆ ಯಜಮಾನರು ಅಂದ್ರು. ಇಟ್ಟೆ."

ಮೀಟರಕ್ಕ ಕನ್ನಡಕಕ್ಕೆ ಉಸಿರು ಬಿಟ್ಟು ಒರೆಸಿಕೊಂಡು, "ನಡೀರಿ ಟೈಲರೇ," ಎಂದರು. ನಾನು ಅರ್ಧ ಹೊಲಿದ ಪ್ಯಾಂಟನ್ನು ಹಾಗೆಯೇ ಬಿಟ್ಟೆ.

ಮೂಲೆಮನೆಯ ಮಗಳು ಪುಸ್ತಕಗಳಿಗೆ ಬೈಂಡಿಂಗ್ ಮಾಡುವವಳು. ಗ್ರಂಥಾಲಯ ನಂಬಿ ಕೊಟ್ಟಿದ್ದ ನಲವತ್ತು ಪುಸ್ತಕಗಳು ನೆಲಮಾಳಿಗೆಯಲ್ಲಿ ನೆನೆದಿದ್ದವು. ನಾವು ಹೋದಾಗ ಅವಳು ಹಜಾರದ ತುಂಬ ಅವನ್ನು ಹರಡಿಕೊಂಡು, ಹಾಳೆಹಾಳೆಯ ನಡುವೆಯೂ ಬಟ್ಟೆ ಇಡುತ್ತಿದ್ದಳು. ಪೈಪಣ್ಣನನ್ನು ಕಂಡು ಮುಖ ತಿರುಗಿಸಿದಳು.

"ಸೋಮವಾರ ಇವನು ಕೆಲಸ ಮಾಡುವಾಗ ಮನೇಲಿ ಯಾರಿದ್ರಮ್ಮ?" ಮೀಟರಕ್ಕ ಕೇಳಿದರು.

"ನಾನು ಗ್ರಂಥಾಲಯದಲ್ಲಿದ್ದೆ, ನಮ್ಮನೆಯವರು ಡಿಪೋದಲ್ಲಿ. ಸೋಮವಾರ, ಬುಧವಾರ ಯಾವಾಗ್ಲೂ ಹಾಗೇ. ಅಪ್ಪ ಅಮ್ಮ ಇಬ್ಬರೇ. ಅಪ್ಪಂಗೆ ಎಂಟು ವರ್ಷದಿಂದ ಕಣ್ಣಿಲ್ಲ, ಅಮ್ಮಂಗೆ ನೆನಪಿಲ್ಲ. ಅವರನ್ನ ಏನಂತ ಸಾಕ್ಷಿ ಕೇಳೋದು? ನೀರು ನುಗ್ಗಿದ್ದು, ಜಗಳ ಆಗಿದ್ದು, ಯಾವುದನ್ನೂ ಅವರಿಗೆ ಹೇಳಿಲ್ಲ. ಮೊದಲೇ ಅಮ್ಮ ಈ ವಾರ ಮೂರು ದಿನ ತುತ್ತು ಮುಟ್ಟಿರಲಿಲ್ಲ. ಬುಧವಾರ ಸಂಜೆಯಿಂದ ಸ್ವಲ್ಪ ಊಟ ಮಾಡ್ತಿದ್ದಾರೆ."

ಅಷ್ಟರಲ್ಲಿ ಒಳಗಿನಿಂದ ಅವಳ ಗಂಡ ಬಂದ. ಬಸ್ ಡಿಪೋದ ಮೆಕ್ಯಾನಿಕ್ಕು, ಎತ್ತರದ ಆಳು. "ನಾನೇನೂ ಮುಟ್ಟಿಲ್ಲಪ್ಪ," ಎಂದ, ಯಾರೂ ಕೇಳದೆಯೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು. ಅವನ ಹೆಬ್ಬೆರಳಿನ ಗಾಯಕ್ಕೆ ವೈರಿಗೆ ಸುತ್ತುವ ಕಪ್ಪು ಟೇಪು ಸುತ್ತಿತ್ತು. ಹಳೆಯ ಸ್ವಿಚ್ಚನ್ನು ತಾನೇ ರಿಪೇರಿ ಮಾಡುತ್ತೇನೆ, ಹೊಸದು ದಂಡ ಎಂದು ಅವನು ಹೋದ ತಿಂಗಳು ಹಟ ಹಿಡಿದಿದ್ದನಂತೆ. ಕಳ್ಳ ಸಿಕ್ಕಿಬಿದ್ದ ಎಂದು ನಾನು ಮೀಟರಕ್ಕನಿಗೆ ಕಣ್ಸನ್ನೆ ಮಾಡಿದೆ. ಅವರು ಆ ಟೇಪಿನ ತುದಿಯನ್ನು ನೋಡಿ, "ಗಾಯ ಒದ್ದೆ ಮಾಡ್ಕೋಬೇಡಪ್ಪ," ಎಂದರಷ್ಟೆ. ತುದಿ ಚರ್ಮಕ್ಕೆ ಚಪ್ಪಟೆಯಾಗಿ ಅಂಟಿಕೊಂಡಿತ್ತು.

ನೆಲಮಾಳಿಗೆಯ ದೀಪ ಚೆನ್ನಾಗಿ ಉರಿಯುತ್ತಿತ್ತು. ಅಳಿಯ ನೀರನ್ನೆಲ್ಲ ಖಾಲಿ ಮಾಡಿದ್ದ. ಗುಂಡಿಯಲ್ಲಿ ಆಗಲೇ ಮೊಳಕಾಲುದ್ದ ಒರತೆ ಕೂಡಿತ್ತು. ಪೈಪಣ್ಣ ಪ್ಲಗ್ ಕಿತ್ತು, ಸ್ವಿಚ್ಚಿನ ವೈರನ್ನು ಪಂಪಿನ ವೈರಿಗೆ ಸೇರಿಸಿದ ಜಾಗವನ್ನು ಮೇಲೆತ್ತಿ ತೋರಿಸಿದ. ಟೇಪು ಒಂದೇ ಅಳತೆಯಲ್ಲಿ, ಸುತ್ತಿನ ಮೇಲೆ ಸುತ್ತು, ನೀಟಾಗಿ ಬಂದಿತ್ತು. ಅದರ ತುದಿಯನ್ನು ಬೆರಳಗಲ ಒಳಕ್ಕೆ ಮಡಚಿದ್ದರು, ನಾವು ಪ್ಯಾಂಟಿನ ಅಂಚು ಮಡಚುವ ಹಾಗೆ.

"ಇದು ನನ್ನ ಕೈಯಲ್ಲ," ಎಂದ ಪೈಪಣ್ಣ. "ನನ್ನ ಕೈಗಿಂತ ಚೆನ್ನಾಗಿದೆ." ಟೇಪು ಬಿಚ್ಚಿದ. ತಾಮ್ರದ ಎಳೆಗಳನ್ನು ಬಿಗಿಯಾಗಿ ಹೆಣೆದಿದ್ದರು. ಆದರೆ ಕೆಂಪು ವೈರು ಕಪ್ಪಿಗೆ, ಕಪ್ಪು ವೈರು ಕೆಂಪಿಗೆ ಸೇರಿತ್ತು. "ಇದರಲ್ಲಿ ಅದಲುಬದಲಾದ್ರೂ ಕೆಲಸ ನಡೆಯುತ್ತೆ. ಆದ್ರೂ ಯಾರೂ ಹೀಗೆ ಮಾಡಲ್ಲ."

"ಯಾರೂ ಮಾಡಲ್ಲ," ಎಂದರು ಮೀಟರಕ್ಕ. ಅವರ ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು. "ಹಾಗೇ ಮತ್ತೆ ಸೇರಿಸು. ಪ್ಲಗ್ ಹಾಕು. ಮೇಲೆ ಹೋಗೋಣ."

ಗುಂಡಿಯ ನೇರ ಮೇಲೆ ವೃದ್ಧ ದಂಪತಿಯ ಕೋಣೆ. ಪಂಪಿನ ಪೈಪು ಅಮ್ಮನ ಕುರ್ಚಿಯ ಪಕ್ಕದ ಗೋಡೆಯಲ್ಲೇ ಹಾದುಹೋಗಿತ್ತು. ಅಮ್ಮ ತಲೆಗೂದಲು ನೀಟಾಗಿ ಬಾಚಿಕೊಂಡು ಬಾಗಿಲನ್ನೇ ನೋಡುತ್ತಿದ್ದರು. ಯಜಮಾನರು ಅವರ ಬದಿಯಲ್ಲೇ ಮೋಡದ ಬಣ್ಣದ ಕಣ್ಣುಗಳೊಂದಿಗೆ ಕುಳಿತಿದ್ದರು. ಕಣ್ಣು ಹೋಗುವ ಮುಂಚೆ ಅವರು ಟೆಲಿಫೋನ್ ಲೈನ್‌ಮನ್ ಆಗಿದ್ದರು. ಮಳೆಗಾಳಿಯಲ್ಲೂ ಕಂಬ ಹತ್ತಿದವರು. ಕಪಾಟಿನಲ್ಲಿ ಔಷಧದ ಸೀಸೆಗಳು. ಒಂದಕ್ಕೆ ಟೇಪಿನ ಒಂದು ಪಟ್ಟಿ, ಇನ್ನೊಂದಕ್ಕೆ ಎರಡು. ಪಟ್ಟಿಯ ತುದಿಗಳನ್ನೆಲ್ಲ ಮಡಚಿದ್ದರು. ನಾನು ಅದನ್ನು ನೋಡಿದೆ, ಒಳ್ಳೆಯ ಹೊಲಿಗೆ ಎಂದುಕೊಂಡೆ, ಮುಂದೆ ಯೋಚಿಸಲಿಲ್ಲ. ನನ್ನ ಬುದ್ಧಿ ಅಷ್ಟೇ.

ಅಮ್ಮ ಮೀಟರಕ್ಕನ ಕೈ ಹಿಡಿದು ಪಿಸುಗುಟ್ಟಿದರು. "ಇವರು ಯಾರೋ ಪಾಪ, ಕಣ್ಣು ಕಾಣಲ್ಲ. ಒಳ್ಳೆಯವರು. ಇಲ್ಲೇ ಕೂತಿರ್ತಾರೆ. ನಮ್ಮನೆಯವರು ಇನ್ನೇನು ಬರ್ತಾರೆ."

ಯಜಮಾನರ ಮುಖದಲ್ಲಿ ಏನೂ ಕದಲಲಿಲ್ಲ.

ಆಗ ಗೋಡೆಯೊಳಗಿನಿಂದ ಸದ್ದೊಂದು ಬಂತು. ಮೊದಲು ಗಡಗಡ, ಆಮೇಲೆ ಟಕ್. ಹಿಂದೆಯೇ ಪಂಪು ಗುಂಯ್ ಎಂದಿತು. ಅಮ್ಮ ಕುರ್ಚಿಯ ಕೈ ಹಿಡಿದು ಎದ್ದು ನಿಂತರು. "ಗೇಟಿನ ಅಗುಳಿ ತೆಗೆದ್ರು," ಎಂದು ಪಕ್ಕಕ್ಕೆ ತಿರುಗಿದರು. "ಬಂದ್ರಾ?"

"ಬಂದೆ ಕಣೇ," ಎಂದರು ಯಜಮಾನರು. ಅಮ್ಮ ಅವರ ಹೆಗಲಿನ ಧೂಳನ್ನು, ಇಲ್ಲದ ಧೂಳನ್ನು, ಕೈಯಿಂದ ಕೊಡವಿದರು.

ಮೀಟರಕ್ಕ ಎಲ್ಲರನ್ನೂ ಆ ಕೋಣೆಗೇ ಕರೆದರು. ಅಳಿಯ ಬಾಗಿಲಿಗೆ ಒರಗಿದ. ಮಗಳು ಕೈಯ ಅಂಟು ಒರೆಸಿಕೊಳ್ಳುತ್ತಾ ಮಂಚದ ತುದಿಯಲ್ಲಿ ಕುಳಿತಳು. ಪೈಪಣ್ಣ ಒಳಗೆ ಬರಲು ಸಂಕೋಚಪಟ್ಟ. ನಾನೇ ರಟ್ಟೆ ಹಿಡಿದು ಎಳೆದುಕೊಂಡೆ.

"ಹೊಸ ಸ್ವಿಚ್ ತೆಗೆದು ಹಳೇದು ಹಾಕಿದವರಿಗೆ ಕೆಲಸ ಚೆನ್ನಾಗಿ ಗೊತ್ತು," ಎಂದು ಶುರುಮಾಡಿದರು. "ಎಳೆ ಹೆಣೆದ ರೀತಿ ನೋಡಿದ್ರೆ ಸಾಕು. ಆದ್ರೆ ಕೆಂಪಿಗೆ ಕಪ್ಪು ಸೇರಿಸಿದ್ದಾರೆ. ಕೆಲಸ ಗೊತ್ತಿಲ್ಲದವನೂ ಬಣ್ಣಕ್ಕೆ ಬಣ್ಣ ಸೇರಿಸ್ತಾನೆ. ದೀಪಾನೂ ಚೆನ್ನಾಗಿದೆ. ಹಾಗಿದ್ರೆ ಕೈಗೆ ಎಲ್ಲ ಗೊತ್ತು, ಕಣ್ಣಿಗೆ ಬಣ್ಣ ಗೊತ್ತಾಗಲಿಲ್ಲ."

ಮಗಳು ತಲೆಯೆತ್ತಿದಳು.

"ಟೇಪಿನ ತುದಿ ಯಾಕೆ ಮಡಚ್ತಾರೆ? ಇನ್ನೊಂದು ಸಲ ಬೆರಳಿಗೆ ಸಿಗಲಿ ಅಂತ. ಕಣ್ಣಿದ್ದವರಿಗೆ ಅದು ಬೇಡ. ನಿನ್ನ ಗಂಡನ ಹೆಬ್ಬೆರಳು ನೋಡು, ಅವನು ಮಡಚಿಲ್ಲ. ಆ ಸೀಸೆಗಳನ್ನ ನೋಡು, ಯಾವ ಔಷಧ ಅಂತ ಬೆರಳಿಗೆ ತಿಳಿಯೋಕೆ ಹಾಕಿದ ಪಟ್ಟಿ, ಎಲ್ಲದರ ತುದೀನೂ ಮಡಚಿದೆ. ಇನ್ನು ಅಮ್ಮ ಊಟ ಬಿಟ್ಟಿದ್ದು ಸೋಮವಾರ, ಹೊಸ ಸ್ವಿಚ್ ಬಂದ ದಿನ. ಮತ್ತೆ ಉಂಡಿದ್ದು ಬುಧವಾರ ಸಂಜೆ. ಆ ಮಧ್ಯಾಹ್ನ ನೀವಿಬ್ಬರೂ ಮನೇಲಿರಲಿಲ್ಲ." ಮೀಟರಕ್ಕ ಯಜಮಾನರ ಮುಂದೆ ಕುಕ್ಕರುಗಾಲಲ್ಲಿ ಕುಳಿತರು. "ಯಜಮಾನರೇ, ಮಿಕ್ಕಿದ್ದು ನೀವೇ ಹೇಳ್ತೀರಾ?"

ಯಜಮಾನರು ಹೆಂಡತಿಯ ಕೈಯನ್ನು ಸವರಿದರು.

"ಹಳೇದರೊಳಗೆ ಕಬ್ಬಿಣದ ಗುಂಡು ಇದೆ. ನೀರು ಏರಿದ್ರೆ ಅದು ಉರುಳಿ ಟಕ್ ಅನ್ನುತ್ತೆ," ಎಂದರು. "ನಾವು ಮದುವೆಯಾದ ಹೊಸತರಲ್ಲಿ ಇದ್ದ ಮನೆಯ ಅಗುಳಿ ಹಾಗೇ ಸದ್ದು ಮಾಡ್ತಿತ್ತು. ಆ ಟಕ್ ಆಗೋ ತನಕ ನಾನು ಇವಳಿಗೆ ಯಾರೋ. ಆದಮೇಲೆ ಅರ್ಧ ಗಂಟೆ ನಾನು ಇವಳ ಗಂಡ. ದಿನಕ್ಕೆ ನಾಲ್ಕು ಸಲ ಮನೆಗೆ ಬರ್ತೀನಿ. ಹೊಸದು ಮೂಗಿ. ಮೂರು ದಿನ ಇವಳು ನನ್ನ ದಾರಿ ನೋಡ್ಕೊಂಡು, ನನ್ನ ಪಕ್ಕದಲ್ಲೇ ಉಪವಾಸ ಕೂತಿದ್ದಳು. ತಡ್ಕೊಳ್ಳೋಕೆ ಆಗಲಿಲ್ಲ. ಪ್ಲಗ್ ಕಿತ್ತು, ಮೆಟ್ಟಿಲು ಎಣಿಸ್ಕೊಂಡು ಇಳಿದೆ. ಹೊಸದು ನನ್ನ ದಿಂಬಿನ ಕೆಳಗಿದೆ."

"ಅಪ್ಪಾ, ನನಗೆ ಒಂದು ಮಾತು ಹೇಳಬಾರದಿತ್ತಾ?" ಮಗಳ ದನಿ ಒಡೆದಿತ್ತು.

"ಏನಂತ ಹೇಳಲಿ? ನಿಮ್ಮಮ್ಮಂಗೆ ನನಗಿಂತ ಒಂದು ಸ್ವಿಚ್ಚಿನ ಗುರುತು ಜಾಸ್ತಿ ಇದೆ ಅಂತಲಾ?"

ಆಮೇಲೆ ಮೀಟರಕ್ಕ ನೆಲಮಾಳಿಗೆಗೆ ನೀರು ನುಗ್ಗಿದ್ದನ್ನೂ, ಪೈಪಣ್ಣನ ಗೊಂಚಲಿನಿಂದ ಮೂರು ಮನೆಯ ಬೀಗದ ಕೈಗಳು ಹೋದದ್ದನ್ನೂ ಮೆಲ್ಲಗೆ ತಿಳಿಸಿದರು. ಯಜಮಾನರ ಮುಖ ಬಿಳಿಚಿಕೊಂಡಿತು. ಕೈ ಚಾಚಿ ಗಾಳಿಯಲ್ಲಿ ಪೈಪಣ್ಣನನ್ನು ಹುಡುಕಿದರು. "ನಾನು ಮಾಡಿದ್ದಕ್ಕೆ ನಿನ್ನ ಹೆಸರು ಕೆಟ್ಟಿತಲ್ಲಪ್ಪ."

"ಬಿಡಿ ಯಜಮಾನರೇ," ಎಂದ ಪೈಪಣ್ಣ, ಆ ಕೈ ಹಿಡಿದು. ಮಗಳು ಎದ್ದು ಅವನ ಮುಂದೆ ನಿಂತಳು. "ಅಣ್ಣಾ, ನಾಲಿಗೆ ಉದ್ದ ಬಿಟ್ಟೆ. ಹೊಟ್ಟೆಗೆ ಹಾಕ್ಕೋ," ಎಂದಳು. ಅವನು ತಲೆಯಾಡಿಸಿ, ದಿಂಬಿನ ಕೆಳಗಿನಿಂದ ಟವೆಲಿನಲ್ಲಿ ಸುತ್ತಿದ್ದ ಹೊಸ ಸ್ವಿಚ್ಚನ್ನು ತೆಗೆದುಕೊಂಡು ಕೆಳಗೆ ಇಳಿದ.

ಅರ್ಧ ಗಂಟೆಯ ಕೆಲಸ. ಪಂಪು ಓಡಿಸುವುದಕ್ಕೆ ಹೊಸದನ್ನು ಜೋಡಿಸಿದ. ಹಳೆಯದರ ವೈರನ್ನು ಕತ್ತರಿಸಿ, ಅದನ್ನೂ ಪಕ್ಕದಲ್ಲೇ, ಪೈಪಿಗೆ ಕಟ್ಟಿ ತೇಲಲು ಬಿಟ್ಟ. ಅದಕ್ಕಿನ್ನು ಕರೆಂಟಿನ ಸಂಬಂಧವಿಲ್ಲ, ಉರುಳಿ ಟಕ್ ಎನ್ನುವುದಷ್ಟೇ ಉದ್ಯೋಗ. "ನಿವೃತ್ತಿ ಆದಮೇಲೂ ಬಾಯಿ ಮುಚ್ಚದವರು ಇರ್ತಾರಲ್ಲ, ಹಾಗೆ," ಎಂದೆ. ಮೀಟರಕ್ಕ ನನ್ನನ್ನು ಗುರಾಯಿಸಿ ನೋಡಿದರು.

ಯಜಮಾನರು ಚಪ್ಪಲಿ ಕೇಳಿದರು. ಎಂಟು ವರ್ಷದಲ್ಲಿ ಗೇಟು ದಾಟದವರು, ಪೈಪಣ್ಣನ ತೋಳು ಹಿಡಿದು ಆ ಮೂರು ಮನೆಗಳಿಗೆ ಹೊರಟರು. ಬೇಡವೆಂದರೂ ಕೇಳಲಿಲ್ಲ. ಏನು ಹೇಳಿದರೋ, ಎಷ್ಟು ಹೇಳಿದರೋ, ನಾನು ಹೋಗಲಿಲ್ಲ.

ಅವರು ಇನ್ನೂ ಬಂದಿರಲಿಲ್ಲ, ಆಗ ಗೋಡೆಯಲ್ಲಿ ಗಡಗಡ, ಟಕ್ ಎಂದಿತು. ಅಮ್ಮ ಎದ್ದು ನಿಂತರು. "ಬಂದ್ರಾ?" ಎಂದರು. ಪಕ್ಕದ ಕುರ್ಚಿ ಖಾಲಿಯಿತ್ತು, ಉತ್ತರ ಬರಲಿಲ್ಲ. ಮಗಳು ಹೆದರಿ ನನ್ನ ಕಡೆ ನೋಡಿದಳು. ಅಮ್ಮ ಕೂರಲು ಒಪ್ಪದೆ ಬಾಗಿಲಿಗೆ ಮುಖ ಮಾಡಿ ನಿಂತೇ ಇದ್ದರು, ಐದು ನಿಮಿಷವೋ, ಹತ್ತೋ. ನನ್ನ ಪಾಲಿಗೆ ಅದು ಒಂದು ವರ್ಷ.

ಆಮೇಲೆ ಹೊರಗೆ ಹೆಜ್ಜೆಯ ಸದ್ದಾಗಿ, ಯಜಮಾನರು ನಿಜವಾಗಿಯೂ ಬಾಗಿಲಿನಿಂದಲೇ ಒಳಗೆ ಬಂದರು. ಹೆಗಲ ಮೇಲೆ ನಿಜವಾದ ಧೂಳಿತ್ತು.

"ಇವತ್ಯಾಕೆ ಇಷ್ಟು ತಡ?" ಎಂದರು ಅಮ್ಮ, ಧೂಳು ಕೊಡವುತ್ತಾ.

"ಮೂರು ಮನೆ ಲೈನ್ ಕೆಟ್ಟಿತ್ತು ಕಣೇ," ಎಂದರು ಯಜಮಾನರು. "ಸರಿಮಾಡಿ ಬಂದೆ."

ಪೈಪಣ್ಣ ಹೊಸ್ತಿಲಲ್ಲೇ ನಿಂತಿದ್ದ. ಸದ್ದಾಗಬಾರದೆಂದು ಕೀಗೊಂಚಲನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಿದ್ದ. ಮೆಟ್ಟಿಲಿಳಿದ ಮೇಲೆ ನಾನು ಎಣಿಸಿದೆ. ಇಪ್ಪತ್ತಾರಿದ್ದವು.