ಸೆಕೆಂಡ್ ಹ್ಯಾಂಡ್ ಮೈಕು

"ಕೈ ತೆಗಿಯೋ. ನಂದಿನ್ನೂ ಒಂದು ಚರಣ ಇದೆ."

ಸುಮನಾ ಮೈಕನ್ನು ಎದೆಗೆ ಒತ್ತಿಕೊಂಡು ಹಿಂದಕ್ಕೆ ಸರಿದಳು. ಪಕ್ಕದ ಮನೆಯ ಮುತ್ತುರಾಜ್ ಬಿಡಲಿಲ್ಲ.

"ನಿಂದು ಆಗ್ಲೇ ಎರಡು ಹಾಡಾಯ್ತು ಕಣೇ. ಲೈನಲ್ಲಿ ಈಗ ನಾನಿರೋದು."

"ಮೈಕ್ ಯಾರ್ದು?"

"ನಿಮ್ದೇ. ಅದಕ್ಕೆ ಎಲ್ಲಾ ಹಾಡೂ ನಿಂದೇನಾ?"

ಮೈಕ್ ಆನ್ ಇತ್ತು. ಹಾಗಾಗಿ ಈ ಜಗಳವೂ ಇಡೀ ಗಲ್ಲಿಗೆ ಕೇಳಿಸುತ್ತಿತ್ತು. ಎದುರು ಮನೆಯ ಮೆಟ್ಟಿಲ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ರಂಗಲಕ್ಷ್ಮಮ್ಮ, "ಜಗಳಾನೂ ರಾಗವಾಗೇ ಆಡ್ರಪ್ಪ" ಎಂದು ನಕ್ಕರು.

ತುಮಕೂರಿನ ಸದಾಶಿವನಗರದ ಹಿಂದಿರುವ ಈ ಗಲ್ಲಿಯಲ್ಲಿ ಸಂಜೆಯಾದರೆ ಸಾಕು, ಸುಮನಾಳ ಮನೆಯ ಮುಂದೆ ಮಕ್ಕಳು ಸಾಲು ನಿಲ್ಲುತ್ತಿದ್ದರು. ಅದೆಲ್ಲ ಆ ಮೈಕಿನಿಂದ. ಸ್ಪೀಕರ್ ಅದರೊಳಗೇ ಇತ್ತು. ಬ್ಲೂಟೂತಿನಲ್ಲಿ ಅಮ್ಮನ ಫೋನಿಗೆ ಕನೆಕ್ಟ್ ಮಾಡಿ, ಹಾಡಿನ ಮ್ಯೂಸಿಕ್ ಹಾಕಿ, ಜೊತೆಗೆ ಹಾಡಿದರಾಯಿತು.

ಗುಬ್ಬಿ ಗೇಟ್ ಹತ್ತಿರದ ಮೊಬೈಲ್ ರಿಪೇರಿ ಅಂಗಡಿಯಿಂದ ಅಮ್ಮ ಅದನ್ನು ತಂದಿದ್ದಳು. ಯಾರೋ ಬಳಸಿ ಬಿಟ್ಟಿದ್ದು. ಚಿನ್ನದ ಬಣ್ಣ ಅಲ್ಲಲ್ಲಿ ಎದ್ದುಹೋಗಿತ್ತು. ಸುತ್ತಲೂ ಮಿನುಗಬೇಕಾದ ಲೈಟುಗಳಲ್ಲಿ ನೀಲಿ ಒಂದೇ ಉಳಿದಿತ್ತು. ಚಾರ್ಜರ್ ಪಿನ್ನಿನ ಕೆಳಗೆ ಬೆಂಕಿಪೊಟ್ಟಣ ಒತ್ತಿಟ್ಟರೆ ಮಾತ್ರ ಚಾರ್ಜ್ ಆಗುತ್ತಿತ್ತು. ಆದರೆ ಎಕೋ ಬಟನ್ ಒತ್ತಿದರೆ, ನೆಗಡಿಯಾದವರ ದನಿಯೂ ದೊಡ್ಡ ಸ್ಟೇಜಿನಿಂದ ಬಂದ ಹಾಗೆ ಕೇಳುತ್ತಿತ್ತು.

ಅಷ್ಟರಲ್ಲಿ ಮ್ಯೂಸಿಕ್ ನಿಂತು ಫೋನ್ ರಿಂಗಾಯಿತು. 'ಗಂಗಾಂಬಿಕಮ್ಮ' ಎಂದು ಸ್ಕ್ರೀನಿನಲ್ಲಿ ಬಂತು. ಅಮ್ಮ ಅಡುಗೆ ಕೆಲಸಕ್ಕೆ ಹೋಗುವ ಮನೆಯವರು.

ಅಮ್ಮ ಒಳಗೆ ಸಾರು ಕುದಿಸುತ್ತಿದ್ದಳು. ಫೋನ್ ಕೊಟ್ಟರೆ ಹಾಡು ಹೋಯಿತು, ಸರದಿಯೂ ಹೋಯಿತು. ಸುಮನಾ ಕೆಂಪು ಬಟನ್ ಒತ್ತಿದಳು. ಮತ್ತೆ ರಿಂಗಾಯಿತು. ಮತ್ತೆ ಒತ್ತಿದಳು.

ಮುತ್ತುರಾಜನ ಹಾಡು ಮುಗಿಯುವ ಮೊದಲೇ ಗಲ್ಲಿಗೆ ಒಂದು ಸ್ಕೂಟರ್ ಬಂತು. ಮೊಮ್ಮಗ ಅಂಜನ್‌ಕುಮಾರನ ಹಿಂದೆ ಗಂಗಾಂಬಿಕಮ್ಮ ಕೂತಿದ್ದರು. ಇಳಿದು, ಸೆರಗು ಸರಿಮಾಡಿಕೊಂಡು, ಮೈಕನ್ನೂ ಸಾಲನ್ನೂ ನೋಡಿದರು.

"ಕೋಮಲಾ," ಎಂದು ಕರೆದರು.

ಅಮ್ಮ ಒದ್ದೆ ಕೈಯಲ್ಲೇ ಓಡಿಬಂದಳು.

"ನಾಳೆ ಬೆಳಗ್ಗೆ ನೆಂಟರು ಬರ್ತಾರೆ, ಬೇಗ ಬಾ ಅಂತ ಹೇಳೋಕೆ ಎಷ್ಟು ಸಲ ಫೋನ್ ಮಾಡೋದು? ಕಟ್ ಮಾಡ್ತೀಯಲ್ಲ."

"ನಾನ್ ನೋಡ್ಲಿಲ್ಲ ಅಮ್ಮಾ..."

"ಹೆಂಗ್ ನೋಡ್ತೀಯ? ಇಲ್ಲಿ ಆರ್ಕೆಸ್ಟ್ರಾ ನಡೀತಿದೆ." ಗಂಗಾಂಬಿಕಮ್ಮನ ದನಿ ಏರಲಿಲ್ಲ. ಆದರೂ ಎಲ್ಲರಿಗೂ ಕೇಳಿಸಿತು. "ಮಗಳಿಗೆ ಸ್ಕೂಲ್ ಬ್ಯಾಗಿಲ್ಲ ಅಂತ ನಾನೇ ಕೊಡಿಸ್ದೆ. ಇಂಥದ್ದಕ್ಕೆಲ್ಲ ನಿಮ್ಮ ಹತ್ರ ದುಡ್ಡಿರುತ್ತೆ ಅಂತ ಗೊತ್ತಿರ್ಲಿಲ್ಲ."

ರಂಗಲಕ್ಷ್ಮಮ್ಮ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದರು.

"ಸೆಕೆಂಡ್ ಹ್ಯಾಂಡು ಅಮ್ಮಾ," ಎಂದಳು ಅಮ್ಮ, ನೆಲ ನೋಡುತ್ತ. "ಮಗು ಹಟ ಮಾಡ್ತು. ಅದಕ್ಕೆ..."

ಸುಮನಾ ಬೆಚ್ಚಿ ಅಮ್ಮನ ಮುಖ ನೋಡಿದಳು. ಹಟವೇ? ತಾನು ಯಾವತ್ತೂ ಮೈಕ್ ಬೇಕೆಂದು ಕೇಳಿರಲಿಲ್ಲ. ಇಂಥ ಮೈಕ್ ಇರುತ್ತದೆ ಎಂದೇ ಅವಳಿಗೆ ಗೊತ್ತಿರಲಿಲ್ಲ.

ಸ್ಕೂಟರ್ ಹೋದ ಮೇಲೆ ಸಾಲು ತಾನಾಗಿಯೇ ಕರಗಿತು. ಅಮ್ಮ ಮೈಕನ್ನು ಆಫ್ ಮಾಡಿ, ಬಟ್ಟೆ ಸುತ್ತಿ, ಅಟ್ಟದ ಮೇಲೆ ಮಿಕ್ಸಿ ಡಬ್ಬದ ಹಿಂದೆ ಇಟ್ಟುಬಿಟ್ಟಳು.

"ನಾನ್ಯಾವಾಗ ಹಟ ಮಾಡಿದ್ದು?" ಎಂದು ಸುಮನಾ ಕೇಳಿದಳು.

"ಸುಮ್ನೆ ಊಟ ಮಾಡು."

"ಅವ್ರಿಗೆ ಹೆದ್ರುಕೊಂಡು ನನ್ ಮೇಲೆ ಹಾಕ್ದೆ."

"ಊಟ ಮಾಡು ಅಂದೆ."

ಸುಮನಾ ಮುದ್ದೆ ಮುರಿದು ಸಾರಿನಲ್ಲಿ ಅದ್ದುತ್ತ ಕೂತಳು. ಫೋನ್ ಕಟ್ ಮಾಡಿದ್ದು ತಾನು. ಬೈಸಿಕೊಂಡದ್ದು ಅಮ್ಮ. ಅದು ಒಂದು ಕಡೆ ಚುಚ್ಚುತ್ತಿತ್ತು. ಆದರೆ ಆ ಬ್ಯಾಗಿನ ಮಾತು ಅದಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ಮೂಲೆಯಲ್ಲಿದ್ದ ನೀಲಿ ಬ್ಯಾಗ್, 'ನಾನು ಬಂದಿದ್ದರಿಂದ ನೀವು ಹಾಡಬಾರದು' ಎಂದು ಹೇಳುತ್ತಿರುವ ಹಾಗೆ ಅವಳಿಗೆ ಕಂಡಿತು.

ಬೆಳಗ್ಗೆ ಅಮ್ಮ ಬೇಗ ಕೆಲಸಕ್ಕೆ ಹೋದಳು. ಅಪ್ಪ ಕುಣಿಗಲ್ಲಿನ ಹೋಟೆಲಿನಲ್ಲಿ ಕೆಲಸಕ್ಕಿದ್ದ. ವಾರಕ್ಕೊಮ್ಮೆ ಮಾತ್ರ ಬರುತ್ತಿದ್ದ. ಕೇಳುವವರು ಯಾರೂ ಇರಲಿಲ್ಲ. ಸುಮನಾ ಬ್ಯಾಗಿನಿಂದ ಪುಸ್ತಕಗಳನ್ನೆಲ್ಲ ತೆಗೆದು, ಸೀರೆ ಅಂಗಡಿಯ ದೊಡ್ಡ ಕವರಿಗೆ ತುಂಬಿದಳು. ಊಟದ ಡಬ್ಬಿಯನ್ನೂ ಅದರಲ್ಲೇ ಇಟ್ಟಳು.

ಸ್ಕೂಲ್ ಗೇಟಿನ ಮುಂದೆಯೇ ಕವರಿನ ಒಂದು ಹಿಡಿ ಕಿತ್ತುಬಂತು. ಪುಸ್ತಕಗಳು ಮಣ್ಣಿಗೆ ಬಿದ್ದವು. ಇಬ್ಬರು ಹುಡುಗರು ಕಿಸಕ್ಕೆಂದರು. ಅವಳ ಗೆಳತಿ ವಾಣಿಶ್ರೀ ಬಂದು ಪುಸ್ತಕ ಆರಿಸಿಕೊಟ್ಟಳು.

"ಬ್ಯಾಗ್ ಏನಾಯ್ತೇ? ಹರಿದೋಯ್ತಾ?"

"ಇಲ್ಲ. ವಾಪಸ್ ಕೊಡ್ತಿದೀನಿ."

"ಚೆನ್ನಾಗಿರೋ ಬ್ಯಾಗನ್ನ ಯಾರಾದ್ರೂ ವಾಪಸ್ ಕೊಡ್ತಾರಾ?"

"ನಾನ್ ಕೊಡ್ತೀನಿ," ಎಂದ ಸುಮನಾ ಪುಸ್ತಕಗಳನ್ನು ಅವುಚಿಕೊಂಡು ಒಳಗೆ ನಡೆದಳು.

ಸಂಜೆ ಮನೆಗೆ ಬಂದವಳೇ ಬ್ಯಾಗನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಖಾಲಿ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಗಂಗಾಂಬಿಕಮ್ಮನ ಮನೆಗೆ ಹೊರಟಳು. ಯಾವಾಗಲೂ ಹಿಂಬಾಗಿಲಿನಿಂದ ಹೋಗುತ್ತಿದ್ದವಳು ಇವತ್ತು ಮುಂಬಾಗಿಲಿನ ಬೆಲ್ ಒತ್ತಿದಳು.

ನೆಂಟರು ಹೋಗಿದ್ದರು. ಅಂಜನ್‌ಕುಮಾರ್ ದೊಡ್ಡ ಹೆಡ್‌ಫೋನ್ ಹಾಕಿಕೊಂಡು ಸೋಫಾದಲ್ಲಿ ಗೇಮ್ ಆಡುತ್ತಿದ್ದ. ಅಮ್ಮನ ಕೆಲಸ ಇನ್ನೂ ಮುಗಿದಿರಲಿಲ್ಲ; ಅಡುಗೆಮನೆಯಿಂದ ಚಪಾತಿಯ ವಾಸನೆ ಬರುತ್ತಿತ್ತು. ಗಂಗಾಂಬಿಕಮ್ಮ ಬಾಗಿಲು ತೆರೆದರು.

"ಏನೇ ಸುಮನಾ, ಈ ಕಡೆಯಿಂದ ಬಂದಿದೀಯ?"

ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದೆಲ್ಲ ಮರೆತುಹೋಯಿತು. ಸುಮನಾ ಬ್ಯಾಗನ್ನು ಕುರ್ಚಿಯ ಮೇಲಿಟ್ಟಳು.

"ಅಜ್ಜಿ, ನಿನ್ನೆ ಫೋನ್ ಕಟ್ ಮಾಡಿದ್ದು ನಾನು. ಅಮ್ಮ ಅಲ್ಲ. ಅದು ನನ್ ತಪ್ಪು."

"ಸರಿ. ಇನ್ಮೇಲೆ ಮಾಡ್ಬೇಡ. ಬ್ಯಾಗ್ ಯಾಕೆ ತಂದೆ?"

"ಬ್ಯಾಗ್ ನೀವೇ ಇಟ್ಕೊಳ್ಳಿ. ಫೋನ್ ಕಟ್ ಮಾಡಿದ್ದು ತಪ್ಪು. ಮೈಕ್ ಇಟ್ಕೊಂಡಿದ್ದು ತಪ್ಪಲ್ಲ."

ಗಂಗಾಂಬಿಕಮ್ಮ ಕನ್ನಡಕ ತೆಗೆದರು. "ನಾನು ತಪ್ಪು ಅಂದ್ನಾ? ಇರೋ ದುಡ್ಡಲ್ಲಿ ಮೊದ್ಲು ಯಾವುದು ಬೇಕೋ ಅದನ್ನ ತಗೋಬೇಕು ಅಂದೆ."

"ಅಂಜನ್ ಅಣ್ಣಂಗೆ ಹೆಡ್‌ಫೋನ್ ಇದೆ, ಟ್ಯಾಬ್ ಇದೆ. ಅವ್ರನ್ನ ಯಾರೂ ಕೇಳಲ್ಲ."

"ಅವ್ರಪ್ಪ ದುಡೀತಾನಮ್ಮಾ, ಕೊಡಿಸ್ತಾನೆ."

"ನಮ್ಮಮ್ಮಾನೂ ದುಡೀತಾಳೆ," ಎಂದಳು ಸುಮನಾ. "ಇಲ್ಲೇ. ನಿಮ್ಮನೇಲೇ."

ಅಂಜನ್ ಹೆಡ್‌ಫೋನನ್ನು ಮೆಲ್ಲಗೆ ಕುತ್ತಿಗೆಗೆ ಇಳಿಸಿದ. ಅಡುಗೆಮನೆಯಲ್ಲಿ ಲಟ್ಟಣಿಗೆಯ ಸದ್ದು ನಿಂತಿತು. ಕೈಗೆಲ್ಲ ಹಿಟ್ಟು ಮೆತ್ತಿಕೊಂಡ ಅಮ್ಮ ಬಾಗಿಲಿಗೆ ಬಂದಳು.

ಅಮ್ಮ ಈಗ ಬೈಯುತ್ತಾಳೆ. ಕೆಲಸವೇ ಹೋದರೂ ಹೋಯಿತು. ಆದರೂ ಸುಮನಾ ಬ್ಯಾಗಿನ ಕಡೆ ಕೈ ಚಾಚಲಿಲ್ಲ.

ಅಮ್ಮ ಮಗಳನ್ನು ನೋಡಿದಳು. ಆಮೇಲೆ ಗಂಗಾಂಬಿಕಮ್ಮನ ಕಡೆ ತಿರುಗಿದಳು.

"ಮಗು ಹಟ ಮಾಡ್ಲಿಲ್ಲ ಅಮ್ಮಾ. ನಿನ್ನೆ ನಾನು ಸುಳ್ಳು ಹೇಳ್ದೆ. ಆ ಮೈಕ್ ನಾನು ನನಗೇ ಅಂತ ತಗೊಂಡಿದ್ದು."

"ನಿಂಗಾ?"

"ಹೂಂ. ನಂಗೆ ಹಾಡೋದು ಅಂದ್ರೆ ಆಸೆ. ಚಿಕ್ಕೋಳಿದ್ದಾಗಿಂದ. ಈ ವಯಸ್ಸಲ್ಲಿ ನನಗೆ ಅಂತ ಹೇಳ್ಕೊಳೋಕೆ ನಾಚಿಕೆ ಆಯ್ತು."

"ಇಷ್ಟು ವರ್ಷದಿಂದ ಬರ್ತಿದೀಯ. ಒಂದಿನಾನೂ ನೀನು ಹಾಡಿದ್ದು ಕೇಳಿಲ್ವಲ್ಲೇ."

"ಇಲ್ಲಿ ಕೆಲ್ಸ ಮಾಡ್ತೀನಮ್ಮಾ," ಎಂದಳು ಅಮ್ಮ. "ಹಾಡೋದು ಮನೇಲಿ."

ಗಂಗಾಂಬಿಕಮ್ಮ ಕನ್ನಡಕ ಒರೆಸಿದರು. ಮತ್ತೂ ಒರೆಸಿದರು.

"ಹಂಚಿನ ಮೇಲೆ ಚಪಾತಿ ಸೀಯ್ತಿದೆ ನೋಡು," ಎಂದರು ಕೊನೆಗೆ. ಆಮೇಲೆ ಸುಮನಾಳಿಗೆ, "ಕೊಟ್ಟಿದ್ದನ್ನ ನಾನು ವಾಪಸ್ ಇಸ್ಕೊಳ್ಳಲ್ಲ. ತಗೊಂಡು ಹೋಗು" ಎಂದರು.

"ಬೇಡ ಅಜ್ಜಿ."

ಬ್ಯಾಗ್ ಕುರ್ಚಿಯ ಮೇಲೆಯೇ ಉಳಿಯಿತು.

ಕೆಲಸ ಮುಗಿಸಿ ಇಬ್ಬರೂ ಮನೆಗೆ ಹೊರಟಾಗ ಬೀದಿದೀಪಗಳು ಹತ್ತಿಕೊಂಡಿದ್ದವು. ಅಮ್ಮ ಬಿರಬಿರನೆ ನಡೆಯುತ್ತಿದ್ದಳು. ಬೈಗುಳ ಈಗ ಬಂತು, ಆಗ ಬಂತು ಎಂದು ಸುಮನಾ ಕಾಯುತ್ತಿದ್ದಳು.

"ಕವರಲ್ಲಿ ಎಷ್ಟು ದಿನ ಪುಸ್ತಕ ಹೊರ್ತೀಯ?" ಎಂದು ಅಮ್ಮ ಕೇಳಿದಳು.

"ಹರಿಯೋವರ್ಗೂ."

"ಹರಿದ್ಮೇಲೆ?"

"ಇನ್ನೊಂದು ಕವರ್."

ಅಮ್ಮನಿಗೆ ನಗು ಬಂತು. ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ನಾಳೆ ನನ್ನ ಹಳೇ ಸೀರೇಲಿ ಒಂದು ಚೀಲ ಹೊಲಿದುಕೊಡ್ತೀನಿ ಬುಡು. ದೊಡ್ಡೋರ ಮುಂದೆ ಹಂಗೆಲ್ಲ ಮಾತಾಡ್ಬಾರ್ದು."

"ಸರಿ."

"ಸರಿಯಾಗೇ ಮಾತಾಡ್ದೆ. ಆದ್ರೂ ಮಾತಾಡ್ಬಾರ್ದು."

ಮನೆಗೆ ಬಂದ ಕೂಡಲೇ ಅಮ್ಮ ಸ್ಟೂಲ್ ಹಾಕಿ ಅಟ್ಟಕ್ಕೆ ಕೈ ಹಾಕಿದಳು. ಬಟ್ಟೆ ಬಿಚ್ಚಿ ಮೈಕ್ ಆನ್ ಮಾಡಿದಳು. ನೀಲಿ ಲೈಟ್ ಹತ್ತಿತು. ಬಾಗಿಲು ಹಾಕದೆ, ಹೊಸಿಲಿನ ಮೇಲೆಯೇ ಕೂತು ಒಂದು ಹಳೆಯ ಸಿನಿಮಾ ಹಾಡು ಹಾಕಿಕೊಂಡಳು.

ಮೊದಲ ಸಾಲಿನಲ್ಲಿ ದನಿ ಸಣ್ಣಗಿತ್ತು. ಎರಡನೇ ಸಾಲಿಗೆ ಗಲ್ಲಿಯ ತುದಿಯವರೆಗೂ ಹೋಯಿತು. ರಂಗಲಕ್ಷ್ಮಮ್ಮ ಮೊರ ಹಿಡಿದುಕೊಂಡೇ ಹೊರಗೆ ಬಂದು ನಿಂತರು. ಮಕ್ಕಳು ಒಬ್ಬೊಬ್ಬರಾಗಿ ಸೇರಿದರು.

ಅಮ್ಮ ಹಾಡಿದ್ದನ್ನು ಸುಮನಾ ಕೇಳಿರಲಿಲ್ಲ ಎಂದಲ್ಲ. ಆದರೆ ದಿನವೂ ಮಕ್ಕಳದೆಲ್ಲ ಮುಗಿದ ಮೇಲೆ ಅಮ್ಮನ ಸರದಿ ಬರುತ್ತಿತ್ತು. ಅಷ್ಟು ಹೊತ್ತಿಗೆ ಫೋನಿನ ಡೇಟಾ ಖಾಲಿಯಾಗಿ, ಒಂದು ಚರಣ ಆಗುವಷ್ಟರಲ್ಲಿ ಹಾಡು ನಿಂತುಹೋಗುತ್ತಿತ್ತು. "ಸಾಕು ಬಿಡು" ಎಂದು ಅಮ್ಮ ನಗುತ್ತ ಮೈಕ್ ಆಫ್ ಮಾಡುತ್ತಿದ್ದಳು. ಅಮ್ಮನಿಗೆ ಅಷ್ಟೇ ಸಾಕು ಎಂದೇ ಸುಮನಾ ತಿಳಿದಿದ್ದಳು.

ಒಂದು ಹಾಡು ಮುಗಿಯಿತು. ಅಮ್ಮ ಕಣ್ಣು ಮುಚ್ಚಿಕೊಂಡೇ ಇನ್ನೊಂದು ಶುರು ಮಾಡಿದಳು.

ಮುತ್ತುರಾಜ್ ಮೊಣಕೈಯಿಂದ ತಿವಿದ. "ಆಂಟಿ ಆದ್ಮೇಲೆ ನಾನಾ, ನೀನಾ?"

"ಇವತ್ತು ಲೈನ್ ಇಲ್ಲ ಕಣೋ," ಎಂದು ಸುಮನಾ ಪಿಸುಗುಟ್ಟಿದಳು. "ಕೂತ್ಕೊಂಡು ಕೇಳು."

ಅವನು ಕೂತ. ಅವಳೂ ಅಮ್ಮನ ಮೊಣಕಾಲಿಗೆ ಒರಗಿ ಕೂತಳು.