ತೆಂಕು ಬದಿಯ ಬಾವಿ

ಫ್ಲಾವಿಯಾ ಡಿಮೆಲ್ಲೊ ಅವನನ್ನು ಮೊದಲು ನೋಡಿದ್ದು ಬೆಂಗ್ರೆಗೆ ಹೋಗುವ ಫೆರಿಯಲ್ಲಿ, ಎಂಬತ್ತೊಂದರ ಸೆಪ್ಟೆಂಬರಿನ ಒಂದು ಗುರುವಾರ. ನೋಡಿದ ಕೂಡಲೇ ಇಷ್ಟವಾಗಲಿಲ್ಲ.

ಇಸ್ತ್ರಿ ಹಾಕಿದ ಬಿಳಿ ಅಂಗಿ, ದಪ್ಪ ಚೌಕಟ್ಟಿನ ಕನ್ನಡಕ, ತೊಡೆಯ ಮೇಲೊಂದು ಮರದ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಖಾಲಿ ಗಾಜಿನ ಬಾಟಲಿಗಳು. ಫೆರಿ ಅಲುಗಿದಾಗಲೆಲ್ಲ ಅವು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಅವನು ಪ್ರತಿ ಸಲವೂ ಮಗುವನ್ನು ತಟ್ಟುವವನ ಹಾಗೆ ಅವುಗಳ ಮೇಲೆ ಅಂಗೈ ಇಡುತ್ತಿದ್ದ. ಆ ಕೈಯನ್ನು ಅವಳು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು.

"ನೀರು ತೆಗೆಯಲಿಕ್ಕಾ?" ಎಂದು ಕೇಳಿದಳು.

"ಹೌದು ಸಿಸ್ಟರ್, ಟೆಸ್ಟಿಗೆ. ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡ್ತೇನೆ. ಚಿತ್ತರಂಜನ ಆಳ್ವ ಅಂತ."

"ಯಾರು ಕಳಿಸಿದ್ದು?"

"ಫ್ಯಾಕ್ಟರಿಯಿಂದ." ಆಮೇಲೆ ಸೇರಿಸಿದ, "ಅದು ನನ್ನ ಮಾವನದ್ದು. ತಾಯಿಯ ಅಣ್ಣ."

ಫ್ಲಾವಿಯಾ ಮುಖ ತಿರುಗಿಸಿ ಹೊಳೆ ನೋಡಿದಳು.

ಅವಳಿಗೆ ಆಗ ಇಪ್ಪತ್ತಾರು. ಮಿಷನಿನ ಸಣ್ಣ ದವಾಖಾನೆಯೊಂದರಲ್ಲಿ ನರ್ಸು. ಸೋಮವಾರ, ಗುರುವಾರ ಬೆಂಗ್ರೆಗೆ ಹೋಗಿ ಮಕ್ಕಳ ತೂಕ ನೋಡುವುದು, ಸೂಜಿ ಹಾಕುವುದು, ಬಸುರಿಯರನ್ನು ವಿಚಾರಿಸುವುದು ಅವಳ ಕೆಲಸ. ಮನೆ ಬಿಕರ್ನಕಟ್ಟೆಯಲ್ಲಿ. ಮನೆಯಲ್ಲಿ ತಾಯಿ ಆಗ್ನೆಸ್ ಮಾತ್ರ. ಅಣ್ಣ ರುಡೊಲ್ಫ್ ಕುವೈಟಿನಲ್ಲಿ. ಅಲ್ಲಿಯ ಆಸ್ಪತ್ರೆಯಲ್ಲಿ ತಂಗಿಗೂ ಒಂದು ಕೆಲಸ ಗೊತ್ತು ಮಾಡಿ, ಜನವರಿಯೊಳಗೆ ಬಂದು ಸೇರಬೇಕೆಂದು ಬರೆದಿದ್ದ.

ಬೆಂಗ್ರೆ ಎಂದರೆ ಹೊಳೆಗೂ ಕಡಲಿಗೂ ನಡುವೆ ಚಾಚಿಕೊಂಡ ಮರಳಿನ ನಾಲಿಗೆ. ಮಳೆಯ ನೀರು ಮರಳಿನಡಿ ತೆಳ್ಳಗೆ ನಿಂತಿರುತ್ತದೆ. ಎಂಟು ಅಡಿ ತೋಡಿದರೆ ಸಿಹಿನೀರು, ಇನ್ನೂ ತೋಡಿದರೆ ಉಪ್ಪು. ಮೂರು ವರ್ಷದ ಹಿಂದೆ ತೆಂಕು ಬದಿಯಲ್ಲಿ ಮೀನೆಣ್ಣೆ ಫ್ಯಾಕ್ಟರಿ ಬಂತು. ಬೂತಾಯಿ ಮೀನು ಬೇಯಿಸಿ ಎಣ್ಣೆ ತೆಗೆದು, ತೊಳೆದ ಕೊಳಕನ್ನೆಲ್ಲ ಮರಳಿನಲ್ಲೇ ತೋಡಿದ ಗುಂಡಿಗೆ ಬಿಡುತ್ತಿದ್ದರು. ಭೇದಿ, ವಾಂತಿಗಳೂ ಅಲ್ಲಿ ಹೆಚ್ಚಾದದ್ದು ಆ ಮೇಲೆಯೇ.

ಮಧ್ಯಾಹ್ನ ಅವನು ಪೆಟ್ಟಿಗೆ ಹೊತ್ತುಕೊಂಡು ತೆಂಕು ಬದಿಯಲ್ಲಿ ಬಲೆ ಹೆಣೆಯುವ ಪಾತುಮ್ಮನ ಅಂಗಳದ ಮುಂದೆ ಹಾದುಹೋಗುತ್ತಿದ್ದ. ಬೆವರಿನಿಂದ ಇಸ್ತ್ರಿಯೆಲ್ಲ ಹೋಗಿತ್ತು. ಫ್ಲಾವಿಯಾ ತಕ್ಕಡಿಯಿಂದ ಒಂದು ಮಗುವನ್ನು ಇಳಿಸುತ್ತಾ ಕೇಳಿದಳು:

"ಮಾಸ್ಟ್ರೆ, ಎಲ್ಲಿಯ ನೀರು ತೆಗೆದ್ರಿ?"

"ಬಡಗು ಬದಿಯ ನಾಲ್ಕು ಬಾವಿ. ಫ್ಯಾಕ್ಟರಿಯ ರೈಟರು ತೋರಿಸಿದ್ರು."

"ಕಾಯಿಲೆ ಇರುವುದು ಈ ಬದಿಯಲ್ಲಿ. ನೀವು ಟೆಸ್ಟು ಮಾಡುವುದು ಆ ಬದಿಯಲ್ಲಿ."

ಅವನು ಅಂಗಳದ ಬಾವಿಗೆ ಬಗ್ಗಿ ನೋಡಿದ. "ಈ ನೀರೂ ತಿಳಿಯಾಗಿಯೇ ಉಂಟಲ್ಲ, ಸಿಸ್ಟರ್."

"ಹಾಗಾದ್ರೆ ಕುಡಿಯಿರಿ."

ಅವಳು ಮಾತಿಗೆ ಹೇಳಿದ್ದು. ಅವನು ಕನ್ನಡಕದ ಮೇಲಿನಿಂದ ಅವಳನ್ನೊಮ್ಮೆ ನೋಡಿ, ಕೊಡಪಾನದಿಂದ ಒಂದು ಲೋಟ ತುಂಬಿಸಿ, ಅವಳ ಮುಖದಿಂದ ಕಣ್ಣು ತೆಗೆಯದೆ ಗಟಗಟನೆ ಕುಡಿದುಬಿಟ್ಟ. ಬೇಡ ಎನ್ನಲು ಅವಳು ಬಾಯಿ ತೆರೆಯುವಷ್ಟರಲ್ಲಿ ಲೋಟ ಕೆಳಗಿತ್ತು.

"ಬಿಸಿಲಿಗೆ ಒಳ್ಳೇದಾಯ್ತು," ಎಂದು ಹೇಳಿ ಹೊರಟುಹೋದ.

ಸೋಮವಾರ ಬೆಂಗ್ರೆಗೆ ಬಂದಾಗ ಅವಳಿಗೆ ಎರಡು ಸುದ್ದಿ ಸಿಕ್ಕಿತು. ಒಂದನ್ನು ಫ್ಯಾಕ್ಟರಿಯ ಲೆಕ್ಕ ಬರೆಯುವ ರೈಟರು ಆಂಬ್ರೋಸ್ ಹೇಳಿದ: ಆಳ್ವ ಮಾಸ್ಟ್ರು ಭೇದಿ ಹಿಡಿದು ಮಲಗಿದ್ದಾರೆ. ಇನ್ನೊಂದನ್ನು ಪಾತುಮ್ಮ ಹೇಳಿದಳು. ಪಕ್ಕದ ಮನೆಯ ಮುಮ್ತಾಝ್, ಮೂರು ವರ್ಷದ ಹುಡುಗಿ, ಶನಿವಾರ ತೀರಿಕೊಂಡಿದ್ದಳು. ವಾಂತಿ ಶುರುವಾದಾಗ ಸಂಜೆಯ ಕೊನೆಯ ಫೆರಿ ಹೋಗಿಯಾಗಿತ್ತು.

ಹಿಂದಿನ ಗುರುವಾರ ಫ್ಲಾವಿಯಾ ತಕ್ಕಡಿಯಿಂದ ಇಳಿಸಿದ್ದು ಅದೇ ಮಗುವನ್ನು.

ಮರುದಿನ ಅವಳು ಬೋಳಾರದಲ್ಲಿದ್ದ ಆಳ್ವ ಮಾಸ್ಟ್ರ ಮನೆಗೆ ಹೋದಳು. ಚಿತ್ತರಂಜನನ ತಾಯಿ ಶಶಿಪ್ರಭಾ ಅವಳನ್ನು ಚಾವಡಿಯಲ್ಲಿ ಕೂರಿಸಿ ಎಳನೀರು ಕೊಟ್ಟರು. ಡಾಕ್ಟರು ದಿನಕ್ಕೆ ಎರಡು ಸಲ ಮನೆಗೇ ಬಂದು ಗ್ಲೂಕೋಸ್ ಏರಿಸಿದರೆಂದೂ ಈಗ ಪರವಾಗಿಲ್ಲವೆಂದೂ ಹೇಳಿದರು. ಮಾತಿನ ನಡುವೆ, "ಮೇ ತಿಂಗಳಲ್ಲಿ ಇವನ ಮದುವೆ. ನನ್ನ ಅಣ್ಣನ ಮಗಳು ಸ್ನೇಹಲತಾ. ಸಣ್ಣದಿರುವಾಗಲೇ ಮಾತಾಗಿದೆ," ಎಂದರು.

"ಒಳ್ಳೇದು," ಎಂದಳು ಫ್ಲಾವಿಯಾ. ಎಳನೀರು ಯಾಕೋ ಸಪ್ಪೆ ಎನಿಸಿತು.

ಅವನು ಕಿಟಕಿಯ ಪಕ್ಕದ ಮಂಚದ ಮೇಲೆ ಒರಗಿ ಕುಳಿತಿದ್ದ. ಕನ್ನಡಕ ಇಲ್ಲದ ಮುಖ ಚಿಕ್ಕದಾಗಿ ಕಾಣುತ್ತಿತ್ತು.

"ಬೈಯಲಿಕ್ಕೆ ಬಂದ್ರಾ, ಸಿಸ್ಟರ್?"

"ಇಲ್ಲ. ಕುಡಿಯಿರಿ ಅಂದದ್ದು ತಪ್ಪಾಯ್ತು ಅಂತ ಹೇಳಲಿಕ್ಕೆ."

"ನೀವು ಹೇಳಿದ್ದಕ್ಕೆ ಕುಡಿದದ್ದಲ್ಲ." ಅವನು ಗೋಡೆಯ ಕಡೆ ನೋಡಿದ. "ನೀವು ನೋಡ್ತಾ ಇದ್ರಿ, ಅದಕ್ಕೆ."

ಅವಳು ಸೆರಗನ್ನು ಸರಿಮಾಡಿಕೊಂಡಳು. ಆಮೇಲೆ ಮುಮ್ತಾಝಳ ಸುದ್ದಿ ಹೇಳಿದಳು. ದನಿ ಏರಿಸಲಿಲ್ಲ, ಔಷಧಿಯ ಅಳತೆ ಹೇಳುವ ಹಾಗೆ ಹೇಳಿದಳು. "ಅದೇ ಬಾವಿ, ಅದೇ ವಾರ. ನಿಮಗೆ ಬಂದದ್ದೇ ಅವಳಿಗೂ ಬಂದದ್ದು. ನಿಮ್ಮ ಮನೆಗೆ ಡಾಕ್ಟರು ಬಂದ್ರು. ಅವಳಿಗೆ ಫೆರಿ ಇರಲಿಲ್ಲ."

ಅವಳು ಎದ್ದು ಬಾಗಿಲ ತನಕ ಹೋದ ಮೇಲೆ ಅವನು ಕೇಳಿದ: "ಆ ಬದಿಯಲ್ಲಿ ಒಟ್ಟು ಎಷ್ಟು ಬಾವಿ ಉಂಟು?"

"ಪಾತುಮ್ಮನಿಗೆ ಗೊತ್ತು," ಎಂದಳು.

ಪಾತುಮ್ಮನಿಗೆ ನಿಜವಾಗಿಯೂ ಗೊತ್ತಿತ್ತು. ಐವತ್ತು ದಾಟಿದ ಹೆಂಗಸು. ಗಂಡ ಕಡಲಿಗೆ ಹೋದವನು ಮರಳಲಿಲ್ಲ. ಬಲೆ ಹೆಣೆದು ಬದುಕುತ್ತಿದ್ದಳು. ಓದು ಬರಹ ಇಲ್ಲ. ಆದರೆ ಎರಡು ವರ್ಷದಿಂದ ಬಲೆಯ ಹಗ್ಗವೊಂದರಲ್ಲಿ ಲೆಕ್ಕ ಇಟ್ಟಿದ್ದಳು. ಮನೆಗೊಂದು ಬಟ್ಟೆಯ ಚೂರು, ಆ ಮನೆಯಲ್ಲಿ ಒಬ್ಬರಿಗೆ ಭೇದಿಯಾದರೆ ಒಂದು ಗಂಟು, ಸತ್ತರೆ ಕರಿ ನೂಲು. ಅಕ್ಟೋಬರಿನಲ್ಲಿ ಚಿತ್ತರಂಜನ ಬಂದಾಗ ಅದನ್ನು ಅಂಗಳದ ಉದ್ದಕ್ಕೂ ಬಿಡಿಸಿ ಹಾಕಿದಳು. ಅವನು ಕುಕ್ಕರಗಾಲಲ್ಲಿ ಕುಳಿತು ಬೆರಳಾಡಿಸುತ್ತಾ ಹೋದ. ಬಡಗಿನ ತುದಿ ನಯವಾಗಿತ್ತು. ತೆಂಕಿಗೆ ಬರುತ್ತಾ ಗಂಟುಗಳು ಒತ್ತಾದವು. ಫ್ಯಾಕ್ಟರಿಯ ಗುಂಡಿಯ ಹತ್ತಿರ ಹಗ್ಗವೇ ಕಾಣುತ್ತಿರಲಿಲ್ಲ.

"ನಮ್ಮ ಕಾಲೇಜಿನಲ್ಲಿ ಇಷ್ಟು ಒಳ್ಳೆಯ ಚಾರ್ಟು ಯಾರೂ ಮಾಡಿಲ್ಲ," ಎಂದ.

"ಚಾರ್ಟು ಎಂತದ್ದು ಮಾರಾಯಾ, ಬಾವಿ ನೋಡು," ಎಂದಳು ಪಾತುಮ್ಮ.

ಹದಿನೆಂಟು ಬಾವಿ. ಅವನು ನೀರು ತುಂಬಿಸಿದ, ಫ್ಲಾವಿಯಾ ಚೀಟಿ ಬರೆದು ಅಂಟಿಸಿದಳು. ಒಂದೇ ಬಾಟಲಿಯನ್ನು ಇಬ್ಬರೂ ಹಿಡಿದಾಗ ಬೆರಳು ತಾಗುತ್ತಿತ್ತು. ಅಂಟು ಒಣಗಲಿ ಎಂಬ ನೆಪದಲ್ಲಿ ಇಬ್ಬರೂ ತಕ್ಷಣ ಬಿಡುತ್ತಿರಲಿಲ್ಲ.

"ನಿಮ್ಮ ಅಕ್ಷರ ಚೆಂದ ಉಂಟು," ಎಂದ ಅವನು ಹನ್ನೊಂದನೆಯ ಬಾವಿಯ ಹತ್ತಿರ.

"ಸ್ನೇಹಲತಾ ಅವರದ್ದು ಇನ್ನೂ ಚೆಂದ ಇರಬಹುದು."

ಅವನು ಬಾಟಲಿಯ ಮುಚ್ಚಳವನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ತಿರುಗಿಸಿದ. ಪೆಟ್ಟಿಗೆ ಎತ್ತಿಕೊಂಡು ಮುಂದಿನ ಬಾವಿಗೆ ನಡೆದ.

ಗುಂಡಿಯ ಸುತ್ತಲಿನ ಏಳು ಬಾವಿಗಳ ನೀರು ಕುಡಿಯಲು ಯೋಗ್ಯವಲ್ಲವೆಂದು ಟೆಸ್ಟಿನಲ್ಲಿ ಬಂತು. ಚಿತ್ತರಂಜನ ವರದಿ ಬರೆದು ಮೊದಲು ಮಾವ ಮೋಹನದಾಸ ಆಳ್ವರಿಗೇ ಕೊಟ್ಟ. ಅವರು ಕೆಟ್ಟ ಮನುಷ್ಯರೇನಲ್ಲ. ತಂದೆಯಿಲ್ಲದ ಅವನನ್ನು ಓದಿಸಿದ್ದು ಅವರೇ. ಓದಿ ಮಡಚಿಟ್ಟು, "ಬಡಗಿನ ಆ ನಾಲ್ಕು ಬಾವಿಯದ್ದು ಸಾಕು. ಉಳಿದದ್ದು ಹರಿದು ಹಾಕು," ಎಂದರು. ಗುಂಡಿಯ ನೀರನ್ನು ಪೈಪು ಹಾಕಿ ಹೊಳೆಗೆ ಬಿಡಿಸುತ್ತೇನೆ, ಅಲ್ಲಿಗೆ ಮುಗಿಯಿತು ಎಂದೂ ಹೇಳಿದರಂತೆ.

ಆ ಮಾತು ಬೆಂಗ್ರೆಗೆ ತಲುಪಿದಾಗ ಹಲವರಿಗೆ ಸಮಾಧಾನವಾಯಿತು. ಪಾತುಮ್ಮನಿಗೆ ಆಗಲಿಲ್ಲ. ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಹೋಗುವ ಹೆಂಗಸರನ್ನೆಲ್ಲ ಅಂಗಳಕ್ಕೆ ಕರೆದಳು.

"ಹೊಳೆಗೆ ಬಿಟ್ಟರೆ ಚಿಪ್ಪಿನ ಮರುವಾಯಿ ಸಾಯ್ತದೆ, ಸಿಗಡಿ ಸಾಯ್ತದೆ. ಆಮೇಲೆ ತಿನ್ನುವುದು ಎಂತ? ಆಚೆ ದಡದವರಿಗೂ ಮಕ್ಕಳಿಲ್ವಾ? ನಮ್ಮ ಹೊಲಸು ಅವರ ಬಾಗಿಲಿಗೆ ಹಾಕುವುದು ಬೇಡ. ಫ್ಯಾಕ್ಟರಿ ಮುಚ್ಚುವುದೂ ಬೇಡ, ನಮಗೆ ಕೂಲಿ ಬೇಕು. ಸಿಮೆಂಟಿನ ತೊಟ್ಟಿ ಕಟ್ಟಲಿ. ಅಡಿಯಲ್ಲಿ ನಿಂತ ಗಸಿ ಒಣಗಿಸಿದರೆ ತೆಂಗಿಗೆ ಗೊಬ್ಬರ. ಬಡಗಿನ ಮರಳದಿಬ್ಬದಲ್ಲಿ ಎಲ್ಲರಿಗೂ ಒಂದು ಬಾವಿ ಆಗಲಿ, ಆ ದಿಬ್ಬದ ಮರಳನ್ನು ಯಾರೂ ಮುಟ್ಟಬಾರದು."

ಅಂಗಳಕ್ಕೆ ಬಂದಿದ್ದ ಚಿತ್ತರಂಜನ ಎದ್ದು ನಿಂತು ಹದಿನೆಂಟು ಬಾವಿಯ ವರದಿಯನ್ನೂ ತುಳುವಿನಲ್ಲಿ ಓದಿ ಹೇಳಿದ. ಕೆಳಗೆ ತನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿ ಪಾತುಮ್ಮನ ಕೈಗೆ ಕೊಟ್ಟ.

ಬೂತಾಯಿ ರಾಶಿ ಬೀಳುವ ಕಾಲ. ಹೆಂಗಸರು ಒಂಬತ್ತು ದಿನ ಕೆಲಸಕ್ಕೆ ಹೋಗಲಿಲ್ಲ. ಹತ್ತನೆಯ ದಿನ ಮೋಹನದಾಸ ಆಳ್ವರು ತಾವೇ ಫೆರಿ ಹತ್ತಿ ಬಂದು, ಪಾತುಮ್ಮನ ಅಂಗಳದಲ್ಲಿ ಕುಳಿತು ತೊಟ್ಟಿಗೂ ಬಾವಿಗೂ ಒಪ್ಪಿದರು. ಅಳಿಯನ ಕಡೆ ನೋಡಲಿಲ್ಲ. ಹೋಗುವಾಗ ಆಂಬ್ರೋಸನ ಮೂಲಕ ಒಂದು ಮಾತು ಹೇಳಿಸಿದರು: ಮೇ ತಿಂಗಳ ಮದುವೆ ಇಲ್ಲ, ಮನೆಗೂ ಬರಬೇಕಾಗಿಲ್ಲ.

ನವೆಂಬರಿನ ಕೊನೆಗೆ ತೊಟ್ಟಿ ಕಟ್ಟುವ ಕೆಲಸ ಶುರುವಾಯಿತು. ಆ ದಿನ ಫೆರಿಯಿಂದ ಇಳಿದು ಬಂದರಿನ ಕಟ್ಟೆಯ ಮೇಲೆ ನಡೆಯುತ್ತಾ ಫ್ಲಾವಿಯಾ ಕೇಳಿದಳು: "ಸ್ನೇಹಲತಾ ಎಂತ ಹೇಳಿದ್ರು?"

"ಥ್ಯಾಂಕ್ಸ್ ಅಂತ ಕಾಗದ ಬರೆದಿದ್ದಾಳೆ. ಅವಳಿಗೆ ಬೊಂಬಾಯಿಗೆ ಹೋಗಿ ಓದಬೇಕಂತೆ. ಹೇಳಲಿಕ್ಕೆ ಧೈರ್ಯ ಇರಲಿಲ್ಲವಂತೆ."

"ಅಕ್ಷರ?"

"ಕೋಳಿ ಕೆದಕಿದ ಹಾಗೆ ಉಂಟು."

ಅವಳು ನಗು ತಡೆಯಲು ಕೊಡೆಯ ಹಿಡಿಯನ್ನು ತುಟಿಗೆ ಒತ್ತಿಕೊಂಡಳು. ಅವನು ಅದನ್ನು ನೋಡಿದ. ನೋಡಿದ್ದನ್ನು ಅವಳೂ ನೋಡಿದಳು.

ಡಿಸೆಂಬರಿನಲ್ಲಿ ಕುವೈಟಿನ ವೀಸಾ ಬಂತು. ತಾಯಿ ಆಗ್ನೆಸ್ ಮಗಳ ಬಟ್ಟೆಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ತುಂಬತೊಡಗಿದರು. ಸೋಮವಾರ ಬೆಳಿಗ್ಗೆ ಚಿತ್ತರಂಜನ ಫೆರಿಯ ಕಟ್ಟೆಯಲ್ಲಿ ಕಾಯುತ್ತಾ ನಿಂತಿದ್ದ. ಕಾಲೇಜಿಗೆ ರಜೆ ಹಾಕಿದ್ದ.

"ಹೋಗಿ ಬನ್ನಿ ಅಂತ ಹೇಳುವ ಅಂತ ಬಂದೆ," ಎಂದ. "ಬಾಯಿಗೆ ಬರ್ತಾ ಇಲ್ಲ."

"ಹಾಗಾದ್ರೆ ಬರುವುದನ್ನು ಹೇಳಿ."

ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. "ಹೋಗಬೇಡಿ ಫ್ಲಾವಿಯಾ. ನನಗೆ ನೀವು ಬೇಕು. ನಿಮ್ಮ ಮನೆಯಲ್ಲಿ ಒಪ್ಪಲಿಕ್ಕಿಲ್ಲ, ನಮ್ಮಲ್ಲಿ ಈಗಾಗಲೇ ಬಾಗಿಲು ಹಾಕಿದ್ದಾರೆ. ಕುವೈಟಿನಲ್ಲಿ ಸಿಗುವ ಸುಖ ಕೊಡಲಿಕ್ಕೂ ನನ್ನಿಂದ ಆಗ್ಲಿಕ್ಕಿಲ್ಲ. ಎಲ್ಲ ಗೊತ್ತಿದ್ದೇ ಕೇಳ್ತಾ ಇದ್ದೇನೆ."

ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳಿಗೆ ಕಿವಿಯ ತುದಿ ಬಿಸಿಯಾಯಿತು. "ಗುರುವಾರ ಹೇಳ್ತೇನೆ," ಎಂದು ಫೆರಿ ಹತ್ತಿದಳು.

ಗುರುವಾರ ಕೆಲಸ ಮುಗಿಸಿ ಅವಳು ಪಾತುಮ್ಮನ ಪಕ್ಕ ಕುಳಿತಳು. ಉಳಿಯಬೇಕೆಂದು ಮನಸ್ಸಾಗಿದೆ ಎಂದಳು. ಇಲ್ಲಿ ಕೆಲಸ ಇನ್ನೂ ಅರ್ಧವೇ ಆಗಿದೆ, ಹೊಸ ಬಾವಿ ಆಗಬೇಕು, ಮಕ್ಕಳ ತೂಕ ಈಗಷ್ಟೇ ಏರುತ್ತಿದೆ ಎಂದೆಲ್ಲ ಕಾರಣ ಕೊಟ್ಟಳು.

ಪಾತುಮ್ಮ ಬಲೆಯಿಂದ ಕೈ ತೆಗೆಯಲಿಲ್ಲ. "ನಮ್ಮ ಹೆಸರು ಹೇಳಿ ಉಳಿಯಬೇಡ, ಬಾಯಮ್ಮ. ಕಾಯಿಸಿದ ನೀರು ಕೊಡಲಿಕ್ಕೆ, ಉಪ್ಪು ಸಕ್ಕರೆ ಕಲಸಲಿಕ್ಕೆ ಇಲ್ಲಿ ಹನ್ನೆರಡು ಹೆಂಗಸರಿಗೆ ನೀನೇ ಕಲಿಸಿದ್ದೀ. ಬಾವಿಯನ್ನು ನಾವು ನೋಡಿಕೊಳ್ತೇವೆ. ನಾಳೆ ನಿನಗೆ ಕಷ್ಟ ಬಂದಾಗ, ಬೆಂಗ್ರೆಯವರಿಗೋಸ್ಕರ ಉಳಿದೆ ಅಂತ ನಮ್ಮ ಮೇಲೆ ಹಾಕ್ತೀ. ಆ ಭಾರ ನಮಗೆ ಬೇಡ. ಆ ಮಾಸ್ಟ್ರಿಗಾಗಿ ಉಳಿಯುವುದಾದರೆ ಉಳಿ. ಇಲ್ಲದಿದ್ದರೆ ವಿಮಾನ ಹತ್ತು."

ಫ್ಲಾವಿಯಾ ಎದ್ದು ಫೆರಿಯ ಕಡೆ ನಡೆದಳು. ಅಷ್ಟು ಕಾರಣಗಳನ್ನು ಕೆಳಗಿಟ್ಟ ಮೇಲೆ ಉಳಿದದ್ದು ಒಂದೇ, ಅದು ಹಗುರವಾಗಿಯೂ ಇತ್ತು, ಹೆದರಿಕೆ ಹುಟ್ಟಿಸುವಂತೆಯೂ ಇತ್ತು.

ಸಂಜೆಯ ಫೆರಿಯಲ್ಲಿ ಅವನು ಇದ್ದ. ತೊಟ್ಟಿಯ ಕೆಲಸ ನೋಡಲು ಬಂದವನು, ಅವಳಿಗೆಂದು ತನ್ನ ಪಕ್ಕ ಜಾಗ ಬಿಟ್ಟು ಕುಳಿತಿದ್ದ. ಅವಳು ಕುಳಿತಳು. ಫೆರಿ ಹೊಳೆಯ ನಡುವೆ ಬಂತು.

"ನಾನು ಉಳೀತೇನೆ," ಎಂದಳು ಆಮೇಲೆ. "ಬೆಂಗ್ರೆಗಾಗಿ ಅಲ್ಲ."

ಇಂಜಿನಿನ ಸದ್ದಿಗೆ ಅವನಿಗೆ ಕೇಳಿಸಲಿಲ್ಲ. ಕಿವಿ ಹತ್ತಿರ ತಂದು, "ಎಂತ?" ಎಂದ.

ಅವಳು ಇನ್ನೂ ಸ್ವಲ್ಪ ಜೋರಾಗಿ ಹೇಳಿದಳು. ಆಗಲೂ ಅವನು ಅರ್ಥವಾಗದವನಂತೆ ನೋಡಿದ. ಕೇಳಿಸಲಿಲ್ಲವೋ, ನಂಬಿಕೆ ಬರಲಿಲ್ಲವೋ. ಫ್ಲಾವಿಯಾ ಎದ್ದು ನಿಂತು, ಕಂಬ ಹಿಡಿದುಕೊಂಡು, ಒಂದೊಂದೇ ಶಬ್ದ ಬಿಡಿಸಿ ಹೇಳಿದಳು: "ನಾನು ನಿಮಗಾಗಿ ಉಳೀತೇನೆ, ಚಿತ್ತರಂಜನ್."

ಅಷ್ಟರಲ್ಲಿ ಫೆರಿ ದಡ ಸಮೀಪಿಸಿತ್ತೆಂದು ಚಾಲಕ ಇಂಜಿನು ನಿಲ್ಲಿಸಿದ್ದ. ಮಾತು ಎಲ್ಲರಿಗೂ ಕೇಳಿಸಿತು. ಬುಟ್ಟಿ ಹಿಡಿದುಕೊಂಡಿದ್ದ ಮೀನಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ, ಇಳಿಯುವ ಗಡಿಬಿಡಿ ಬಿಟ್ಟು ಕುಳಿತೇ ಇದ್ದರು. ಅವರಲ್ಲೊಬ್ಬಳು ಚಿತ್ತರಂಜನನಿಗೆ ತುಳುವಿನಲ್ಲಿ ಹೇಳಿದಳು, "ಈಗಲಾದರೂ ಕೇಳಿಸಿತಾ?"

"ಕೇಳಿಸಿತು," ಎಂದ ಅವನು. ಮೊದಲು ತಾನು ದಡಕ್ಕೆ ಹಾರಿ, ತಿರುಗಿ ನಿಂತು, ಎಲ್ಲರೆದುರು ಅವಳಿಗೆ ಕೈ ಕೊಟ್ಟ.