ಕೋಚ್ ಮನೆಯ ಅಂಗಳದ ಬೋರ್ಡು

ಬಾಗಿಲು ತೆರೆದ ಸದ್ದಾದಾಗ ಗ್ರೇಡಿಯ ಎರಡೂ ಕೈ ಬೋರ್ಡಿನ ಕೋಲಿನ ಮೇಲಿದ್ದವು. ‘ಈ ಮನೆ ಮಾರಾಟಕ್ಕಿದೆ’ ಎಂದು ದಪ್ಪ ಅಕ್ಷರದಲ್ಲಿ ಬರೆದ ಬೋರ್ಡು. ಕಾಲೇಜಿನ ಫುಟ್‌ಬಾಲ್ ತಂಡ ಸೋತು ಸುಣ್ಣವಾದರೆ ಕೋಚ್ ಮನೆಯಂಗಳದಲ್ಲಿ ಇದನ್ನು ನೆಟ್ಟು ಬರುವುದು ನಮ್ಮ ಅಲಬಾಮಾ ಕಡೆಯ ಹಳೆಯ ಚಾಳಿ. ಗಂಟುಮೂಟೆ ಕಟ್ಟು ಎಂದು ಅದರರ್ಥ. ನಿನ್ನೆ ಪಕ್ಕದೂರಿನ ಕಾಲೇಜಿನ ಎದುರೂ ಸೋತು ಈ ವರ್ಷದ ಸೀಸನ್ ಪೂರ್ತಿ ಮಣ್ಣುಪಾಲಾಗಿತ್ತು. ಭಾನುವಾರ ಚರ್ಚಿಗೆ ಹೋಗುವ ಮೊದಲೇ ಗ್ರೇಡಿ ಈ ಪುಣ್ಯಕಾರ್ಯ ಮುಗಿಸಲು ಬಂದಿದ್ದ.

ನೆಟ್ಟ ಬೋರ್ಡು ವಾಲಿತ್ತು. ಸರಿಮಾಡಲು ಅಲುಗಾಡಿಸುತ್ತಿದ್ದಾಗ ಹೊರಗೆ ಬಂದವಳು ಮಾರ್ಲಾ.

ಸ್ಟೇಡಿಯಂನಲ್ಲಿ ಅವನ ಪಕ್ಕದ ಸೀಟಿನ ಮಾರ್ಲಾ. ಬೇಯಿಸಿದ ಕಡಲೆಕಾಯಿ ಸುಲಿದು, ಕೇಳದೆಯೇ ಅವನ ಅಂಗೈಗೆ ಸುರಿಯುತ್ತಿದ್ದವಳು. ಅವನು ಕೋಚನ್ನು ಬೈದು ಕೂಗಾಡಿದರೆ ತುಟಿಯ ಒಂದೇ ಅಂಚಿನಲ್ಲಿ ನಗುತ್ತಿದ್ದಳು. ಆ ನಗು ಕಾಣಲೆಂದೇ ಅವನು ಇನ್ನೂ ಜೋರಾಗಿ ಬೈಯುತ್ತಿದ್ದ. ಸೋಲುವುದು ಖಚಿತವಾದ ಪಂದ್ಯಕ್ಕೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗುವುದು ಯಾಕೆಂದು ಅವನ ಅಮ್ಮನಿಗೂ ಗೊತ್ತಿತ್ತು.

“ನೀನಿಲ್ಲಿ?” ಎಂದ.

“ನಮ್ಮಪ್ಪನ ಮನೆ ಕಣೋ.” ಅವಳ ಕಣ್ಣು ಅತ್ತು ಕೆಂಪಾಗಿತ್ತು. ಆದರೆ ಅವನ ಕೈ ಎಲ್ಲಿದೆ ಎಂದು ನೋಡಿದ ಮೇಲೆ ಮುಖ ಅರಳಿತು. “ಕೀಳ್ತಿದ್ದೀಯಾ ಅದನ್ನ? ನೆಡೋಕೆ ಊರಿಗೆ ಊರೇ ಬರುತ್ತೆ. ಕೀಳೋಕೆ ಬಂದವನು ನೀನೊಬ್ನೇ.”

ಗ್ರೇಡಿ ಬೋರ್ಡನ್ನು ಕಿತ್ತ. ಬಾಯಿಂದ ಸುಳ್ಳು ಆಡಲಿಲ್ಲ, ನಿಜ. ಆದರೆ ಇಷ್ಟು ಸಲೀಸಾಗಿ ಅವನು ಯಾವತ್ತೂ ಸುಳ್ಳು ಹೇಳಿರಲಿಲ್ಲ.

ಕಾಫಿಗೆಂದು ಒಳಗೆ ಎಳೆದುಕೊಂಡು ಹೋದಳು. ಅಡುಗೆಮನೆಯ ಮೇಜಿನ ಮುಂದೆ ಕೋಚ್ ಕ್ರೆನ್ಶಾ ಬರೀ ಕಾಲುಚೀಲದಲ್ಲಿ ಕೂತಿದ್ದರು. ಟಿವಿಯಲ್ಲಿ ಕಾಣುವುದಕ್ಕಿಂತ ಸಣ್ಣಗಿದ್ದರು.

“ಅಪ್ಪಾ, ಇವ್ನೇ ಗ್ರೇಡಿ. ಅಂಗಳದಲ್ಲಿದ್ದ ಬೋರ್ಡು ಕಿತ್ತ.”

ಅವರು ಎದ್ದು ನಿಂತು ಕೈಕುಲುಕಿದರು. “ಇವಳಮ್ಮನ ಕಣ್ಣಿಗೆ ಬೀಳೋ ಮುಂಚೆ ಕಿತ್ತೆಯಲ್ಲಪ್ಪ, ನಿನಗೆ ಒಳ್ಳೇದಾಗ್ಲಿ.”

ಇದೇ ಮನುಷ್ಯನನ್ನು ಅವನು ಪುಕ್ಕಲ ಎಂದಿದ್ದ. ಕೊನೆಯ ಅವಕಾಶ, ಒಂದೇ ಒಂದು ಗಜ ಮುಂದೆ ಹೋದರೆ ಸಾಕು, ಆಗಲೂ ಚೆಂಡು ಕೊಟ್ಟು ಹುಡುಗರನ್ನು ನುಗ್ಗಿಸದೆ, ಅದನ್ನು ದೂರಕ್ಕೆ ಒದೆಸಿ ಎದುರಾಳಿಗೆ ಒಪ್ಪಿಸಿದ ಪುಕ್ಕಲ. ಅದನ್ನು ಮಗಳ ಕಿವಿಯ ಪಕ್ಕದಲ್ಲೇ ಕೂಗಿದ್ದ. ಕೂಗಿದ ಒಂದೊಂದು ಮಾತೂ ನೆನಪಾಗಿ ಅವನ ಕಿವಿ ಸುಡತೊಡಗಿತು.

“ಯಾಕೆ ಹೇಳ್ಲಿಲ್ಲ ನೀನು, ಯಾರ ಮಗಳು ಅಂತ?” ಎಂದು ಮೆಲ್ಲಗೆ ಕೇಳಿದ.

“ಹೇಳಿದ್ರೆ ನೀನು ಬಾಯಿಗೆ ಬೀಗ ಹಾಕ್ಕೊಂಡು ಕೂರ್ತಿದ್ದೆ. ಕೋಚ್ ಮನೆಯವರ ಸೀಟಲ್ಲಿ ಮುಖ ಸಿಂಡರಿಸೋ ಹಾಗೂ ಇಲ್ಲ. ನನ್ನ ಪಾಲಿನದ್ದೂ ನೀನೇ ಕೂಗ್ಲಿ ಅಂತ ನಿನ್ನ ಪಕ್ಕ ಕೂರ್ತಿದ್ದೆ.” ಅವಳು ಕಪ್ ಮುಂದೆ ತಳ್ಳಿದಳು. “ಎಲ್ರೂ ಅರ್ಧಕ್ಕೇ ಎದ್ದು ಹೋಗ್ತಿದ್ರು. ನೀನು ಬೈತಿದ್ದೆ, ಆದ್ರೆ ಕೊನೇವರೆಗೂ ಇರ್ತಿದ್ದೆ. ಅದು ನನಗೆ ತುಂಬ ಹಿಡಿಸ್ತು.”

ಅಷ್ಟು ದಿನ ಕಾದಿದ್ದ ಮಾತು ಕಿವಿಗೆ ಬಿದ್ದಿತ್ತು, ತಗೊಳ್ಳುವ ಯೋಗ್ಯತೆ ಮಾತ್ರ ಇರಲಿಲ್ಲ.

“ಮಾರ್ಲಾ, ಬೋರ್ಡು ನೆಟ್ಟವನೂ ನಾನೇ.”

ಅವಳು ಅವನತ್ತ ನೋಡಲಿಲ್ಲ. ಕಪ್ಪನ್ನು ವಾಪಸ್ ತನ್ನ ಕಡೆಗೆ ಎಳೆದುಕೊಂಡಳು.

ಕೋಚ್ ಒಣನಗು ನಕ್ಕರು. “ಹಾಗಾದ್ರೆ ಮತ್ತೆ ನೆಡಪ್ಪ, ರಸ್ತೆ ಹತ್ತಿರ ನೆಡು, ಜನಕ್ಕೆ ಕಾಣ್ಲಿ. ಬೆಳಗ್ಗೆ ಕಾಲೇಜಿಂದ ಫೋನ್ ಬಂತು, ನನ್ನ ತೆಗೆದ್ರು. ಮನೆ ಹೇಗೂ ಮಾರ್ಬೇಕು.” ಎದ್ದು ಒಳಕೋಣೆಗೆ ಹೋದರು.

ಸೀಸನ್ ಪೂರ್ತಿ ಅವನು ಗಂಟಲು ಹರಿದುಕೊಂಡು ಕೇಳಿದ್ದು ಇದನ್ನೇ.

“ನೀನೂ ಹೋಗ್ತೀಯಾ?”

“ಅಮ್ಮನಿಗೆ ಮಂಡಿ ಆಪರೇಷನ್ ಆಗಿದೆ. ಬಿಟ್ಟಿರೋಕಾಗುತ್ತಾ?”

“ಹೇಳೋಕೆ ಮುಖ ಇಲ್ಲ ಮಾರ್ಲಾ. ಆದ್ರೂ ಹೇಳ್ತೀನಿ. ನೀನಂದ್ರೆ ನನಗೆ ಪ್ರಾಣ.”

“ನನಗೂ ಹಾಗೇ ಆಗಿದೆ. ಅದಕ್ಕೇ ಇಷ್ಟು ಉರೀತಿದೆ,” ಎಂದಳು. “ಎದ್ದು ಹೋಗು ನೋಡೋಣ.”

ಅವನು ತಲೆತಗ್ಗಿಸಿ ಬಾಗಿಲವರೆಗೂ ಹೋದ. ಒಳಗೆ ಊರುಗೋಲಿನ ಸದ್ದಾಯಿತು.

“ಅಮ್ಮ ಎದ್ದಳು,” ಎಂದಳು ಹಿಂದಿನಿಂದ. “ಬೋರ್ಡು ನೆಟ್ಟಿದ್ದು ಯಾರು ಅಂತ ಅವಳಿಗೆ ನಾನು ಹೇಳಲ್ಲ. ನೀನೇ ಹೇಳ್ಬೇಕು. ಬಾ, ಇಲ್ಲಿ ಕೂತ್ಕೋ.”